ಇಬ್ಬೊಗಸೆ ಕೆರೆ

ಹೊಂಗೇನಾಳ ಮತ್ತು ಕಲ್ಲುಮರಡಿ ಎಂಬ ಎರಡು ಊರುಗಳ ನಡುವೆ, ಕುರುಚಲು ಗುಡ್ಡಗಳ ಸಾಲು ಕೊಂಚ ಬಾಗಿ ಬಯಲಿಗೆ ದಾರಿ ಬಿಡುವ ಕಡೆ, ಒಂದು ಕೆರೆ ಇದೆ. ಸಣ್ಣ ಕೆರೆಯೇನಲ್ಲ. ಏರಿಯ ಈ ತುದಿಯಲ್ಲಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಟವನು ಆ ತುದಿ ಮುಟ್ಟುವಷ್ಟರಲ್ಲಿ ಅದನ್ನು ಉಗುಳಿ ಇನ್ನೊಂದು ಮಡಚಿಕೊಳ್ಳಬೇಕು. ಕೋಡಿ ಬಿದ್ದ ವರ್ಷ ನೀರಿನ ಸದ್ದು ಎರಡೂ ಊರಿಗೆ ಕೇಳಿಸುತ್ತದೆ. ಇಷ್ಟು ದೊಡ್ಡ ಕೆರೆಗೆ ಜನ ಇಟ್ಟಿರುವ ಹೆಸರು ಮಾತ್ರ ಇಬ್ಬೊಗಸೆ ಕೆರೆ. ಬೊಗಸೆಯೆಂದರೆ ಎರಡು ಅಂಗೈ ಜೋಡಿಸಿದಾಗ ಹಿಡಿಯುವಷ್ಟು, ಅಂಥವು ಎರಡು. ಹೊಸಬರು ಹೆಸರು ಕೇಳಿ ನಗುತ್ತಾರೆ. ಬೇಸಿಗೆಯಲ್ಲಿ ಎರಡೇ ಬೊಗಸೆ ನೀರು ಉಳಿಯುತ್ತದೇನೋ ಎಂದು ಕೆಲವರು ಊಹಿಸುತ್ತಾರೆ. ಯಾವನೋ ಜಿಪುಣ ಕಟ್ಟಿಸಿರಬೇಕು ಎಂದು ಇನ್ನು ಕೆಲವರು. ಎರಡೂ ನಿಜವಲ್ಲ. ಮೂವತ್ತೊಂದು ವರ್ಷ ಈ ಸುತ್ತಿನ ಶಾಲೆಗಳಲ್ಲಿ ಲೆಕ್ಕದ ಪಾಠ ಹೇಳಿದ ನನಗೇ ಇದರ ಮೂಲ ಗೊತ್ತಿರಲಿಲ್ಲ. ತೂಬು ತೆಗೆದು ಮುಚ್ಚುವ ನೀರುಗಂಟಿಯಾಗಿದ್ದ ಮಲಿಯಪ್ಪನವರು ಒಂದು ಮಧ್ಯಾಹ್ನ ಏರಿಯ ಮೇಲೆ ಕುಳಿತು ಹೇಳಿದರು. ಕೇಳಿದ ಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಎದ್ದು ಏರಿಯ ಉದ್ದಕ್ಕೂ ಎರಡು ಸಲ ಓಡಾಡಿದೆ. ಆಗ ನನಗೆ ಐವತ್ತಾರು ವರ್ಷ.

ಹಿಂದೆ ಒಮ್ಮೆ ಈ ಸೀಮೆ ಬಿದರಗೋಟೆಯ ನಾಯಕರ ಕೈಯಲ್ಲಿತ್ತು ಎನ್ನುತ್ತಾರೆ. ಆಗ ಇಲ್ಲಿ ಕೆರೆ ಇರಲಿಲ್ಲ; ಮಳೆಗಾಲದಲ್ಲಿ ಗುಡ್ಡದಿಂದ ಇಳಿದ ನೀರು ಎರಡು ಊರನ್ನೂ ನೋಡಿಯೂ ನೋಡದಂತೆ ಬಯಲಿನಲ್ಲಿ ಹರಿದು ಹೋಗುತ್ತಿತ್ತು. ಹೊಂಗೇನಾಳದವರು ಹೊಲದವರು; ರಾಗಿ, ನವಣೆ ಬೆಳೆಯುವವರು. ಕಲ್ಲುಮರಡಿಯವರು ಕುರಿ ದನ ಸಾಕುವವರು. ಎರಡೂ ಊರಿನ ಹಿರಿಯರು ಒಟ್ಟಾಗಿ ಹೋಗಿ ಕೆರೆ ಬೇಕೆಂದು ಕೈಮುಗಿದಾಗ ನಾಯಕ ಒಪ್ಪಿದ, ಆದರೆ ಒಂದು ತೊಡಕಿತ್ತು. ತೂಬಿಗೆ ಬೇಕಾದ ಕೆತ್ತನೆಯ ಕಲ್ಲು ಒಂದಕ್ಕೆ ಸಾಕಾಗುವಷ್ಟೇ ಇತ್ತು. ಏರಿಯ ಬಲತುದಿಯಲ್ಲಿ ತೂಬಿಟ್ಟರೆ ನೀರು ಹೊಂಗೇನಾಳಕ್ಕೆ, ಎಡತುದಿಯಲ್ಲಿಟ್ಟರೆ ಕಲ್ಲುಮರಡಿಗೆ. ಯಾರಿಗೆ ಕೊಡುವುದು? ನಾಯಕ ಯೋಚಿಸಿ, ಯಾವ ಊರು ಹೆಚ್ಚು ಮಣ್ಣು ಅಗೆದು ಏರಿಗೆ ಹಾಕುತ್ತದೋ ತೂಬು ಅದಕ್ಕೆ ಎಂದು ಅಪ್ಪಣೆ ಮಾಡಿದ. ಕೃತ್ತಿಕೆ ಮಳೆ ಹುಟ್ಟುವ ದಿನ ಗುದ್ದಲಿ ಹಾಕಬೇಕು, ರೋಹಿಣಿ ಮುಗಿಯುವ ದಿನ ಗುದ್ದಲಿ ಇಳಿಸಬೇಕು. ಇಪ್ಪತ್ತೆಂಟು ದಿನ. ಯಾರಿಗೂ ಅನ್ಯಾಯವಾಗಬಾರದೆಂದು ಒಂದು ಉದ್ದ ಹಗ್ಗವನ್ನು ಸರಿಯಾಗಿ ನಡುವೆ ಕತ್ತರಿಸಿ ಒಂದೊಂದು ಊರಿಗೆ ಒಂದೊಂದು ತುಂಡು ಕೊಡಿಸಿದ. ಪ್ರತಿ ತುಂಡೂ ನೂರ ಮೂವತ್ತೆರಡು ಮಾರು. ಎರಡು ತೋಳು ಚಾಚಿದರೆ ಒಂದು ಮಾರು, ಅದರಲ್ಲಿ ನಾಲ್ಕು ಮೊಳ. ಆ ಹಗ್ಗದೊಳಗೆ ಎಷ್ಟು ನೆಲ ಬಂತೋ ಅಷ್ಟರಲ್ಲೇ ಅಗೆಯಬೇಕು ಎಂಬುದು ಕರಾರು.

ಹೊಂಗೇನಾಳದವರು ಹೊಲದ ಕಣ್ಣಿನವರು. ಅವರ ಮುಂದಾಳು ಕಾಟಯ್ಯ ನಾಲ್ಕು ಮೂಲೆಗೆ ಗೂಟ ಹೊಡೆದು ಹಗ್ಗವನ್ನು ಚಚ್ಚೌಕವಾಗಿ ಎಳೆದ. ಒಂದೊಂದು ಬದಿ ಮೂವತ್ತಮೂರು ಮಾರು ಬಂತು. ಕಲ್ಲುಮರಡಿಯ ಮುಂದಾಳು ಪಾಲಯ್ಯ ಕುರಿರೊಪ್ಪ ಕಟ್ಟುವವನು. ಮುಳ್ಳುಬೇಲಿ ಕಡಿಮೆಯಿದ್ದಾಗ ರೊಪ್ಪವನ್ನು ದುಂಡಗೆ ಕಟ್ಟಿದರೆ ಕುರಿಗಳಿಗೆ ಎಡೆ ಹೆಚ್ಚು ಎಂಬುದು ಅವನ ತಾತ ಮುತ್ತಾತರಿಂದ ಬಂದ ರೂಢಿ. ಅವನು ಏನನ್ನೂ ಲೆಕ್ಕ ಹಾಕಲಿಲ್ಲ, ರೂಢಿಯಂತೆ ಹಗ್ಗವನ್ನು ದುಂಡಗೆ ಹಾಸಿದ. ಅಡ್ಡಲಾಗಿ ಅಳೆದರೆ ನಲವತ್ತೆರಡು ಮಾರು. ಎರಡೂ ಕಡೆ ನಡುವೆ ಒಂದು ತುಂಡು ನೆಲವನ್ನು ಅಗೆಯದೆ ಬಿಟ್ಟರು. ಮಣ್ಣು ಕೆಲಸದವರು ಅದನ್ನು ಸಾಕ್ಷಿದಿಬ್ಬ ಎನ್ನುತ್ತಾರೆ. ಗುಂಡಿಯ ಅಂಚಿನಲ್ಲಿ ಮಣ್ಣು ಚೆಲ್ಲಿ ಏರುತ್ತದೆ, ಕಾಲ್ತುಳಿತಕ್ಕೆ ಕುಸಿದು ಇಳಿಯುತ್ತದೆ, ಆದ್ದರಿಂದ ಅಂಚನ್ನು ನಂಬುವಂತಿಲ್ಲ. ನಡುವಿನ ದಿಬ್ಬದ ನೆತ್ತಿ ಮಾತ್ರ ಮೊದಲಿನ ನೆಲದ ಮಟ್ಟವನ್ನು ಹಾಗೇ ಹಿಡಿದುಕೊಂಡಿರುತ್ತದೆ. ಅದರ ಎತ್ತರ ಎಷ್ಟೋ ಗುಂಡಿಯ ಆಳ ಅಷ್ಟು.

ಆ ಇಪ್ಪತ್ತೆಂಟು ದಿನ ಈ ಬಯಲು ಕಂಡ ಗದ್ದಲವನ್ನು ಮಲಿಯಪ್ಪನವರು ಹೇಳುವಾಗ ಅವರ ಕೈಗಳೇ ಗುದ್ದಲಿಯಂತೆ ಏಳುತ್ತ ಬೀಳುತ್ತ ಇದ್ದವು. ಬೆಳಗಿನ ಬೆಳ್ಳಿ ಮೂಡುವ ಮೊದಲೇ ಡೋಲು ಬಡಿಯುತ್ತಿತ್ತಂತೆ. ಒಂದು ಊರಿನವರು ಹಾಡು ಎತ್ತಿದರೆ ಇನ್ನೊಂದು ಊರಿನವರು ಅದಕ್ಕಿಂತ ಎತ್ತರದ ಹಾಡು ಎತ್ತುತ್ತಿದ್ದರು. ಬಾಣಂತಿಯರು ಮಗುವನ್ನು ಮರದ ಕೊಂಬೆಯ ಜೋಲಿಗೆ ಹಾಕಿ ಬುಟ್ಟಿ ಹೊತ್ತರು. ಮದುವೆ ನಿಶ್ಚಯವಾಗಿದ್ದ ಮನೆಗಳವರು ಮುಹೂರ್ತ ಮುಂದಕ್ಕೆ ಹಾಕಿದರು. ಅಂಗೈ ಬೊಬ್ಬೆಯೆದ್ದು ಒಡೆದರೆ ಹರಳೆಣ್ಣೆ ಸವರಿ ಬಟ್ಟೆ ಸುತ್ತಿ ಮತ್ತೆ ಇಳಿಯುತ್ತಿದ್ದರು. ಮೊದಲ ವಾರ ಬುಟ್ಟಿ ಎಣಿಸಿ ಹೋಲಿಸಲು ನೋಡಿದರಂತೆ. ಒಬ್ಬರ ಬುಟ್ಟಿ ದೊಡ್ಡದು, ಇನ್ನೊಬ್ಬರದು ಚಿಕ್ಕದು, ಎಣಿಸುವವರ ಬಾಯಲ್ಲಿ ಒಂದು ಎರಡಾಗುತ್ತಿತ್ತು. ಹೊಡೆದಾಟಕ್ಕೆ ಬಂದಾಗ ಎಣಿಕೆ ಬಿಟ್ಟರು. ಆ ವರ್ಷ ಕೃತ್ತಿಕೆ ಒಣಗಿತು, ರೋಹಿಣಿಯೂ ಮೋಡ ತೋರಿಸಿ ಮಾಯವಾಯಿತು. ಯಾರೂ ಬೇಸರಪಡಲಿಲ್ಲ, ಮಳೆ ಬಂದರೆ ಅಗೆತ ನಿಲ್ಲುತ್ತದಲ್ಲ ಎಂಬ ಭಯವೇ ಹೆಚ್ಚಾಗಿತ್ತು.

ಕೊನೆಯ ದಿನ ನಾಯಕ ತಾನೇ ಕುದುರೆಯ ಮೇಲೆ ಬಂದ. ಅವನ ಪಾರುಪತ್ಯಗಾರ ಕೋಲು ಹಿಡಿದು ಎರಡೂ ಗುಂಡಿಗೆ ಇಳಿದು ದಿಬ್ಬಗಳನ್ನು ಅಳೆದ. ಕಲ್ಲುಮರಡಿಯದು ಎಂಟು ಮೊಳ. ಹೊಂಗೇನಾಳದ್ದು ಹನ್ನೊಂದು ಮೊಳ. ಹೊಂಗೇನಾಳದವರು ಕೂಗಿದ ಕೂಗಿಗೆ ಕುದುರೆ ಬೆದರಿ ಹಿಂದಕ್ಕೆ ಸರಿಯಿತಂತೆ. ಆದರೆ ಪಾಲಯ್ಯ ಕೈ ಎತ್ತಿ ಮುಂದೆ ಬಂದ. “ದೊರೆ, ಆಳ ಅವರದ್ದು ಹೆಚ್ಚು, ಒಪ್ಪಿದೆ. ಆದ್ರೆ ನಮ್ಮ ಗುಂಡಿ ಅಗಲ ಐತೆ. ಎರಡನ್ನೂ ನಡೆದು ನೋಡಿ.” ಕಾಟಯ್ಯ ಗಹಗಹಿಸಿ ನಕ್ಕ. “ಹಗ್ಗ ಒಂದೇ ಅಲ್ವೇನಯ್ಯಾ ಭಾವ? ನಿನಗೆ ಬೇರೆ ಹಗ್ಗ ಕೊಟ್ಟಿದ್ರಾ?” ಹಗ್ಗ ಒಂದೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಗ್ಗ ಸಮನಾದರೆ ನೆಲ ಸಮ, ನೆಲ ಸಮನಾದರೆ ಆಳವಾದದ್ದೇ ದೊಡ್ಡದು; ಇದರಲ್ಲಿ ವಾದಕ್ಕೆ ಏನಿದೆ? ಆದರೆ ತಿಂಗಳಿಡೀ ಆ ಗುಂಡಿಯಲ್ಲಿ ಬೆವರು ಸುರಿಸಿದ ಕಲ್ಲುಮರಡಿಯವರ ಮೈ ಒಪ್ಪಲಿಲ್ಲ. ಯಾರೋ ಗುದ್ದಲಿ ಎತ್ತಿದರು, ಈ ಕಡೆಯಿಂದಲೂ ಹತ್ತು ಗುದ್ದಲಿ ಎದ್ದವು. ನಾಯಕ ನಡುವೆ ಕುದುರೆ ನುಗ್ಗಿಸಿ ಗದರಿದ. “ಗುಂಡಿಯ ಅಗಲ, ಆಳ ಎರಡನ್ನೂ ಕೂಡಿಸಿ ಅಳೆಯಬಲ್ಲವರು ಈ ಸೀಮೆಯಲ್ಲಿ ಯಾರೂ ಇಲ್ಲವೇ?” ಎಂದು ಕೇಳಿದ. ಎರಡೂ ಊರಿನ ಜನ ಒಂದೇ ಬಾಯಲ್ಲಿ ಒಂದೇ ಹೆಸರು ಹೇಳಿದರು. ತಿಪ್ಪಕ್ಕ.

ತಿಪ್ಪಕ್ಕ ಕಾಳು ತುಂಬುವ ಮಣ್ಣಿನ ವಾಡೆ ಕಟ್ಟುವವಳು. ಆಳೆತ್ತರದ, ದುಂಡನೆಯ ವಾಡೆಗಳು ಆಗ ಪ್ರತಿ ಮನೆಯಲ್ಲಿ ಇದ್ದವು. ಹತ್ತು ಖಂಡುಗ ರಾಗಿ ಹಿಡಿಯುವ ವಾಡೆ ಬೇಕು ಎಂದರೆ ಸಾಕು, ಅವಳು ನೆಲದ ಮೇಲೆ ಹಗ್ಗ ತಿರುಗಿಸಿ ದುಂಡು ಬರೆದು, ಇಷ್ಟು ಮೊಳ ಎತ್ತರ ಎಂದು ಗೋಡೆಗೆ ಗೆರೆ ಹಾಕಿ ಕಟ್ಟುತ್ತಿದ್ದಳು. ಸುಗ್ಗಿಯಲ್ಲಿ ಹತ್ತು ಖಂಡುಗ ಸುರಿದರೆ ಕಂಠದವರೆಗೆ ಬಂದು ನಿಲ್ಲುತ್ತಿತ್ತು. ವಾಡೆಯ ಎತ್ತರ ಇಮ್ಮಡಿಸಿದರೆ ಕಾಳು ಇಮ್ಮಡಿ, ಅಡ್ಡಗಲ ಇಮ್ಮಡಿಸಿದರೆ ಕಾಳು ನಾಲ್ಮಡಿ ಎಂದು ಅವಳು ಕೆಲಸ ಕಲಿಯುವ ಹೆಂಗಸರಿಗೆ ಹೇಳುತ್ತಿದ್ದಳಂತೆ. ಇಷ್ಟೇ ಆಗಿದ್ದರೆ ಎರಡೂ ಊರು ಅವಳನ್ನು ನೆಚ್ಚುತ್ತಿರಲಿಲ್ಲ. ಅವಳು ಹುಟ್ಟಿದ್ದು ಕಲ್ಲುಮರಡಿಯಲ್ಲಿ; ಪಾಲಯ್ಯ ಅವಳ ಒಡಹುಟ್ಟಿದ ಅಣ್ಣ. ಕೊಟ್ಟದ್ದು ಹೊಂಗೇನಾಳಕ್ಕೆ, ಕಾಟಯ್ಯ ಅವಳ ಗಂಡ. ತವರಿಗೆ ಮೋಸ ಮಾಡಲಾರಳು, ಗಂಡನ ಮನೆಗೂ ಮಾಡಲಾರಳು ಎಂಬುದು ಜನರ ಎಣಿಕೆ. ಅವಳ ಪಾಡು ಏನಾಗಬಹುದೆಂದು ಯಾರೂ ಎಣಿಸಲಿಲ್ಲ.

ಕರೆ ಹೋದಾಗ ಅವಳ ಮೊಣಕೈವರೆಗೆ ಮಣ್ಣು ಮೆತ್ತಿತ್ತು. ಹಾಗೇ ಬಂದಳು. ವಿಷಯ ಕೇಳಿ, “ಅಳೆದು ಹೇಳಿದ್ದನ್ನ ಇಬ್ಬರೂ ಒಪ್ಪಬೇಕು, ದೊರೆ. ಒಪ್ಪೋ ಹಂಗಿದ್ರೆ ಕೋಲು ಮುಟ್ತೀನಿ,” ಎಂದಳು. ನಾಯಕ ಎರಡೂ ಊರಿನವರಿಂದ ಮಣ್ಣು ಮುಟ್ಟಿಸಿ ಮಾತು ತೆಗೆದುಕೊಂಡ. ಅವಳು ಮೊದಲು ತವರಿನ ಗುಂಡಿಗೆ ಇಳಿದಳು. ದಿಬ್ಬ ಎಂಟು ಮೊಳ, ಸರಿ. ಅಡ್ಡಗಲ ನಲವತ್ತೆರಡು ಮಾರು, ಸರಿ. ಆಮೇಲೆ ಹೊಂಗೇನಾಳದ ಗುಂಡಿಗೆ ಇಳಿದಳು. ಬದಿ ಮೂವತ್ತಮೂರು ಮಾರು, ಸರಿ. ದಿಬ್ಬದ ಪಕ್ಕದಲ್ಲಿ ಕೋಲು ನಿಲ್ಲಿಸಿದಳು, ಹನ್ನೊಂದು ಮೊಳ. ಮೇಲೆ ನಿಂತವರು ಮತ್ತೆ ಕೂಗಲು ಬಾಯಿ ತೆರೆದಿದ್ದರು. ಆದರೆ ಅವಳು ಕೋಲು ಕೆಳಗಿಟ್ಟು ಏಣಿ ತರಿಸಿದಳು.

ನಲವತ್ತು ವರ್ಷ ಮಣ್ಣು ಮೆತ್ತಿದ ಕೈ ಅದು. ದಿಬ್ಬದ ಮೈಯನ್ನು ಬುಡದಿಂದ ಸವರುತ್ತ ಏರಿದಳು. ಹತ್ತು ಮೊಳದವರೆಗೆ ಗುದ್ದಲಿಯ ಕಚ್ಚು, ಗಟ್ಟಿ ನೆಲ. ಅದರ ಮೇಲೆ ಕಚ್ಚು ಇರಲಿಲ್ಲ. ಕೂದಲೆಳೆಯಂಥ ಸೀಳುಗಳು ಇದ್ದವು. ಒದ್ದೆ ಮಣ್ಣು ಬಳಿದು ಒಣಗಿದಾಗ ಮಾತ್ರ ಬರುವ ಸೀಳು. ಉಗುರಿನಿಂದ ಕೆರೆದಳು. ಬಳಿದ ಪದರ ಕಳಚಿ ಬಿತ್ತು, ಒಳಗೆ ಒಣ ಗರಿಕೆಯ ಒಂದು ಸಾಲು, ಹಳೆಯ ನೆಲದ ನೆತ್ತಿ, ಅಲ್ಲೇ ಅಡಗಿತ್ತು. ಅದರ ಮೇಲಿನ ಒಂದು ಮೊಳ ಯಾರೋ ಆಮೇಲೆ ಏರಿಸಿದ್ದು. ಅವಳು ಕಳಚಿದ ಪದರವನ್ನು ಬೆರಳಲ್ಲಿ ಪುಡಿ ಮಾಡಿದಳು. ಅದರಲ್ಲಿ ರಾಗಿ ಹೊಟ್ಟಿತ್ತು, ಸೆಗಣಿಯಿತ್ತು, ಸಣ್ಣಗೆ ಜರಡಿ ಹಿಡಿದ ಬಿಳಿ ಜೇಡಿಯಿತ್ತು. ಈ ಹದವನ್ನು ಹೊಂಗೇನಾಳದಲ್ಲಿ ಬೇರೆ ಯಾರೂ ಕಲಸುತ್ತಿರಲಿಲ್ಲ. ಅವಳ ಹಿತ್ತಲಿನ ಕುಣಿಯಲ್ಲಿ ವಾಡೆಗೆಂದು ಅವಳೇ ಕಲಸಿ ಕೊಳೆಯಲಿಟ್ಟ ಮಣ್ಣು ಅದು.

“ಏನಮ್ಮಾ, ಏನು ಕಂಡೆ?” ಎಂದು ನಾಯಕ ಕೇಳಿದ.

“ಮೇಲಿನ ಒಂದು ಮೊಳ ಈ ನೆಲದ್ದಲ್ಲ, ದೊರೆ.”

“ಮತ್ತೆ ಎಲ್ಲಿಯದು?”

ತಿಪ್ಪಕ್ಕ ಏಣಿ ಇಳಿದು ನಿಂತು ಹೇಳಿದಳು. “ನಮ್ಮ ಹಿತ್ತಲಿನದು.”

ಕಾಟಯ್ಯ ಗುಂಪಿನಿಂದ ಹೊರಗೆ ಬಂದ. ತಪ್ಪಿಸಿಕೊಳ್ಳಲು ನೋಡಲಿಲ್ಲ ಎಂಬುದನ್ನು ಕಲ್ಲುಮರಡಿಯವರೂ ಒಪ್ಪಿ ಹೇಳುತ್ತಾರೆ. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು, “ನಾನೇ ಮಾಡ್ದೆ. ಊರಿಗೆ ಗೊತ್ತಿಲ್ಲ. ಹತ್ತು ಮೊಳಕ್ಕೆ ಹಾಸುಬಂಡೆ ಸಿಕ್ತು. ನಾಕು ದಿನ ಗುದ್ದಿದ್ವಿ, ಒಂದು ಬೆರಳು ಇಳೀಲಿಲ್ಲ. ಜನ ಅಳೋಕೆ ಸುರು ಮಾಡಿದ್ರು ದೊರೆ. ಸೇದೋ ಬಾವಿ ಬತ್ತಿ ಎರಡು ವರ್ಷ ಆಯ್ತು,” ಎಂದ. ಹೆಂಡತಿಯ ಮುಖ ನೋಡಲಿಲ್ಲ. ಅವಳೂ ಅವನ ಕಡೆ ತಿರುಗಲಿಲ್ಲ. ಪಾರುಪತ್ಯಗಾರ ಕೂಡಲೇ, “ಮೋಸ ಮಾಡಿದ ಊರಿಗೆ ಹನಿ ನೀರೂ ಇಲ್ಲ. ತೂಬು ಕಲ್ಲುಮರಡಿಗೆ,” ಎಂದು ಸಾರಿಬಿಟ್ಟ. ಕಲ್ಲುಮರಡಿಯ ಡೋಲುಗಳು ಎದ್ದವು. ಹೊಂಗೇನಾಳದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಆಗ ತಿಪ್ಪಕ್ಕ ದನಿ ಎತ್ತಿದಳು. ಆ ಮಾತು ಈಗಲೂ ಈ ಕಡೆ ಗಾದೆಯಂತೆ ಬಳಕೆಯಲ್ಲಿದೆ. “ನನ್ನನ್ನ ಅಳೆಯೋಕೆ ಕರೆದ್ರಿ. ಅಳತೆ ಇನ್ನೂ ಮುಗಿದಿಲ್ಲ. ಸುಳ್ಳು ಒಂದು ಮೊಳ, ಅಗೆದದ್ದು ಹತ್ತು ಮೊಳ. ಒಂದನ್ನ ತೆಗೀರಿ, ಹತ್ತನ್ನ ಯಾಕೆ ತೆಗೀತೀರಿ?” ನಾಯಕ ಡೋಲು ನಿಲ್ಲಿಸುವಂತೆ ಸನ್ನೆ ಮಾಡಿ ಅವಳ ಕಡೆ ತಿರುಗಿದ. ಹಾಗಾದರೆ ಹತ್ತು ಮೊಳಕ್ಕೆ ಯಾರದು ಹೆಚ್ಚು ಎಂದು ಕೇಳಿದ. ಅವಳು ಅಲ್ಲೇ ನೆಲದ ಮೇಲೆ ಕೂತು ಕಡ್ಡಿಯಿಂದ ಗೀಚಿ ಲೆಕ್ಕ ಹಾಕಿದಳು. ಚೌಕದ ನೆಲ ಮೂವತ್ತಮೂರು ಮೂವತ್ತಮೂರ್ಲೆ ಸಾವಿರದ ಎಂಬತ್ತೊಂಬತ್ತು. ದುಂಡಿನ ನೆಲಕ್ಕೆ ಅವಳ ಮನೆತನದ ಸೂತ್ರ ಬೇರೆ: ಸುತ್ತಿನ ಅರ್ಧ, ಅಡ್ಡಗಲದ ಅರ್ಧ, ಎರಡನ್ನೂ ಗುಣಿಸು. ಅರವತ್ತಾರು ಇಪ್ಪತ್ತೊಂದ್ಲೆ ಸಾವಿರದ ಮುನ್ನೂರ ಎಂಬತ್ತಾರು. ಯಾಕೆ ಹಾಗೆ ಎಂದು ಪಾರುಪತ್ಯಗಾರ ಕೇಳಿದ್ದಕ್ಕೆ, ಅಲ್ಲೇ ಒಬ್ಬಳ ಬುತ್ತಿಯಿಂದ ರಾಗಿರೊಟ್ಟಿ ತೆಗೆಸಿ, ಅದನ್ನು ನಡುವಿನಿಂದ ಹದಿನಾರು ಹೋಳಾಗಿ ಸೀಳಿ, ಒಂದರ ಮೊನೆ ಮೇಲೆ ಇನ್ನೊಂದರ ಮೊನೆ ಕೆಳಗೆ ಬರುವಂತೆ ಪಕ್ಕಪಕ್ಕ ಜೋಡಿಸಿ ತೋರಿಸಿದಳಂತೆ. ದುಂಡು ರೊಟ್ಟಿ ಹೆಚ್ಚುಕಡಿಮೆ ಉದ್ದನೆಯ ಮಣೆಯಾಯಿತು. ಉದ್ದ ನೋಡಿದರೆ ಸುತ್ತಿನ ಅರ್ಧ, ಅಗಲ ನೋಡಿದರೆ ಅಡ್ಡಗಲದ ಅರ್ಧ. ನಾನು ಇದನ್ನು ಕೇಳಿದ ಮರುದಿನವೇ ಮನೆಯಲ್ಲಿ ರೊಟ್ಟಿ ಸೀಳಿ ನೋಡಿದೆ. ಹೋಳು ಸಣ್ಣದಾದಷ್ಟೂ ಮಣೆ ನೇರವಾಗುತ್ತ ಹೋಗುತ್ತದೆ. ಇಷ್ಟು ವರ್ಷ ಕರಿಹಲಗೆಯ ಮೇಲೆ ಬರಿ ಸೂತ್ರ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದಕ್ಕೆ ನಾಚಿಕೆಯಾಯಿತು.

ಹತ್ತು ಮೊಳವೆಂದರೆ ಎರಡೂವರೆ ಮಾರು. ಚೌಕದ ನೆಲವನ್ನು ಅದರಿಂದ ಗುಣಿಸಿದರೆ ಎರಡು ಸಾವಿರದ ಏಳುನೂರ ಇಪ್ಪತ್ತೆರಡೂವರೆ. ಎಂಟು ಮೊಳವೆಂದರೆ ಎರಡು ಮಾರು. ದುಂಡಿನ ನೆಲವನ್ನು ಗುಣಿಸಿದರೆ ಎರಡು ಸಾವಿರದ ಏಳುನೂರ ಎಪ್ಪತ್ತೆರಡು. ಮಾರುದ್ದ, ಮಾರಗಲ, ಮಾರಾಳದ ಮಣ್ಣಿನ ಗಡ್ಡೆಗಳು ಇಷ್ಟಿಷ್ಟು ಎಂದರ್ಥ. “ಕಲ್ಲುಮರಡಿಯದು ಹೆಚ್ಚು, ಆದ್ರೆ ಕೂದಲೆಳೆಯಷ್ಟು,” ಎಂದಳು ತಿಪ್ಪಕ್ಕ. ಈ ಮಾತಿಗೆ ಎರಡೂ ಊರು ಒಟ್ಟಿಗೆ ಸಿಡಿದೆದ್ದವು. ಕೂದಲೆಳೆಯೇ, ನಮ್ಮದು ಎಷ್ಟೋ ದೊಡ್ಡದು, ಗಂಡನ ಊರನ್ನು ಎತ್ತಿ ಹಿಡಿಯುತ್ತಿದ್ದಾಳೆ ಎಂದು ಕಲ್ಲುಮರಡಿಯವರು. ಒಂದೇ ಹಗ್ಗದಲ್ಲಿ ನೆಲ ಹೆಚ್ಚುಕಡಿಮೆ ಬರುವುದುಂಟೇ, ಇದು ತವರಿನ ಮಾಟ ಎಂದು ಹೊಂಗೇನಾಳದವರು. ಪಾಲಯ್ಯನೇ ಹತ್ತಿರ ಬಂದು, “ತಂಗೀ, ಗೀಚಿದ ಲೆಕ್ಕ ನಮಗೆ ತಿಳಿಯಲ್ಲವ್ವ. ಕಣ್ಣಿಗೆ ಕಾಣೋ ಹಂಗೆ ತೋರ್ಸು,” ಎಂದ.

ತೋರಿಸುತ್ತೇನೆ ಎಂದು ಅವಳು ಎದ್ದಳು. ಬಯಲಿನ ಅಂಚಿನಲ್ಲಿದ್ದ ಸಾರಿಸಿದ ಕಣವನ್ನು ಗುಡಿಸಿಸಿದಳು. ಬಿದಿರನ್ನು ತೆಳ್ಳಗೆ ಸೀಳಿ ಎರಡು ಉದ್ದನೆಯ ಪಟ್ಟಿ ಮಾಡಿಸಿದಳು. ಮಾರಿನ ಬದಲು ಬೆರಳು ಎಂದಿಟ್ಟುಕೊಂಡಳು, ಎರಡು ಪಟ್ಟಿಯೂ ನೂರ ಮೂವತ್ತೆರಡು ಬೆರಳು ಉದ್ದ. ಒಂದರ ಅಗಲ ಎರಡೂವರೆ ಬೆರಳು, ಇನ್ನೊಂದರದು ಎರಡು ಬೆರಳು. ಅಗಲದ ಪಟ್ಟಿಯನ್ನು ನೆಲದ ಮೇಲೆ ನಿಲ್ಲಿಸಿ ನಾಲ್ಕು ಮೂಲೆಗೆ ಕಡ್ಡಿ ನೆಟ್ಟು ಚೌಕ ಮಾಡಿದಳು. ಅದು ಹೊಂಗೇನಾಳದ ಗುಂಡಿ. ಕಿರಿದಾದದ್ದನ್ನು ದುಂಡಗೆ ಬಾಗಿಸಿ ಕಟ್ಟಿದಳು, ಅದು ಕಲ್ಲುಮರಡಿಯದು. ಪಟ್ಟಿಯ ಬುಡಕ್ಕೆಲ್ಲ ಹೊರಗಿನಿಂದ ಹಸಿಮಣ್ಣು ಮೆತ್ತಿ, ಸೋರದಂತೆ ಮಾಡಿದಳು. ಪಟ್ಟಿಗಳನ್ನು ಪಾಲಯ್ಯನೂ ಹೊಂಗೇನಾಳದ ಹಿರಿಯನೊಬ್ಬನೂ ಮತ್ತೆ ಮತ್ತೆ ಬೆರಳಿಟ್ಟು ಅಳೆದು ಒಪ್ಪಿದರು. ನಾಯಕ ಕುದುರೆ ಇಳಿದು ಕಣದ ಅಂಚಿನಲ್ಲಿ ಮೊಣಕಾಲೂರಿ ಕುಳಿತ. ಹಿಂದಿನ ಸಾಲಿನವರಿಗೆ ಕಾಣಲೆಂದು ಮುಂದಿನವರು ಕುಳಿತರು, ಅವರ ಹಿಂದಿನವರು ಬಗ್ಗಿದರು, ಮರ ಹತ್ತುವವರು ಮರ ಹತ್ತಿದರು.

ರಾಗಿ ತರಿಸಿ ಅವಳು ಬೊಗಸೆಯಿಂದ ಚೌಕಕ್ಕೆ ಸುರಿಯತೊಡಗಿದಳು. ಒಂದು, ಎರಡು, ಮೂರು ಎಂದು ಜನ ಎಣಿಸಿದರು. ಮೊದಮೊದಲು ಹೊಂಗೇನಾಳದವರು ಮಾತ್ರ ಎಣಿಸಿದರು, ಐವತ್ತು ದಾಟುವಷ್ಟರಲ್ಲಿ ಎರಡೂ ಊರಿನ ದನಿ ಬೆರೆಯಿತು. ನೂರಾದಾಗ ಚೌಕ ಮುಕ್ಕಾಲಿಗೂ ಮೀರಿ ತುಂಬಿ ಮೇಲೆ ಬಂದಿತ್ತು. ನೂರ ಹತ್ತಕ್ಕೆ ಅಂಚು ಮುಟ್ಟಿತು. ನೇರವಾದ ಕೋಲನ್ನು ಅಂಚಿನ ಮೇಲೆ ಎಳೆದಳು. ಒಂದು ಕಾಳು ಹೊರಚೆಲ್ಲಲಿಲ್ಲ, ಒಂದು ತಗ್ಗು ಉಳಿಯಲಿಲ್ಲ. ಆಮೇಲೆ ಅದೇ ರಾಗಿಯನ್ನು, ಒಂದು ಕಾಳೂ ಸೋರದಂತೆ ಗೋರಿ ತೆಗೆದು, ಪಕ್ಕದ ದುಂಡಿಗೆ ಹೊಯ್ದಳು. ಎಂಟು ಮೊಳದ ಗಿಡ್ಡ ಗುಂಡಿ ಹತ್ತು ಮೊಳದ್ದನ್ನು ನುಂಗುವುದುಂಟೇ ಎಂದು ಹೊಂಗೇನಾಳದವರು ಕಣ್ಣು ಕಿಸಿದು ಕಾದರು. ಈಗ ಚೆಲ್ಲುತ್ತದೆ, ಈಗ ಚೆಲ್ಲುತ್ತದೆ. ಚೆಲ್ಲಲಿಲ್ಲ. ಕೊನೆಯ ಕಾಳೂ ಬಿದ್ದಿತು. ತಿಪ್ಪಕ್ಕ ಅಂಗೈಯಿಂದ ಹದವಾಗಿ ಸವರಿ ಮಟ್ಟ ಮಾಡಿದಳು. ಅಂಚಿಗೆ ಇನ್ನೂ ಒಂದಿಷ್ಟು ಬಾಕಿ ಉಳಿದಿತ್ತು. ಕಣ್ಣಿಗೆ ಕಾಣಿಸಿಯೂ ಕಾಣದಷ್ಟು. ಅವಳು ಒಂದು ಬೊಗಸೆ ರಾಗಿ ತೆಗೆದು ಹಾಕಿದಳು. ಸಾಲಲಿಲ್ಲ. ಇನ್ನೊಂದು ಹಾಕಿದಳು. ಕೋಲು ಎಳೆದಳು. ಸರಿಹೋಯಿತು.

“ಎರಡು ಬೊಗಸೆ,” ಎಂದಳು.

ಮರದ ಮೇಲಿದ್ದವನೊಬ್ಬ ಅದನ್ನೇ ಹಿಂದಿನವರಿಗೆ ಹೇಳಿದ, ಅವರು ಇನ್ನೂ ಹಿಂದಿನವರಿಗೆ. ಎರಡು ಬೊಗಸೆ, ಎರಡು ಬೊಗಸೆ ಎಂಬ ಮಾತು ಬಯಲಿನ ತುದಿಯವರೆಗೆ ಅಲೆಯಂತೆ ಹೋಯಿತು. ತಿಂಗಳಿಡೀ ಒಬ್ಬರನ್ನೊಬ್ಬರು ಹಂಗಿಸುತ್ತ, ಕೈ ಒಡೆದುಕೊಂಡು, ಮಗುವನ್ನು ಮರಕ್ಕೆ ಕಟ್ಟಿ ಅಗೆದ ಎರಡು ಊರಿನ ನಡುವಿನ ಅಂತರ ನೂರ ಹತ್ತಕ್ಕೆ ಎರಡು ಬೊಗಸೆ. ಪಾಲಯ್ಯ ದುಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ನಮ್ಮದು ಇನ್ನೂ ಎಷ್ಟೋ ಹೆಚ್ಚು ಅಂದುಕೊಂಡಿದ್ದೆ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ತಲೆ ಎತ್ತಿ, “ಅವರು ಬಂಡೆ ಮುಟ್ಟೋವರೆಗೆ ಅಗೆದವ್ರೆ ದೊರೆ. ಬುಡದಲ್ಲಿ ಬಂಡೆ ಇರ್ಲಿಲ್ಲ ಅಂದಿದ್ರೆ ನಾವು ಸೋಲ್ತಿದ್ವಿ,” ಎಂದ.

ನಾಯಕ ಆ ದಿನ ಕೊಟ್ಟ ತೀರ್ಪು ಎರಡೂ ಊರಿನಲ್ಲಿ ಒಂದೇ ತೆರನಾಗಿ ಹೇಳಲ್ಪಡುತ್ತದೆ. ಹೆಚ್ಚು ಅಗೆದವರು ಕಲ್ಲುಮರಡಿಯವರು, ಆದ್ದರಿಂದ ತೂಬು ಅವರ ಕಡೆಯೇ. ಆದರೆ ಏರಿಯಲ್ಲಿ ಮಣ್ಣು ಇಬ್ಬರದೂ ಇದೆ. ತೂಬಿನಿಂದ ಹೊಂಗೇನಾಳಕ್ಕೂ ಒಂದು ಕಾಲುವೆ ಎಳೆಯಬೇಕು, ನೀರನ್ನು ಮಣ್ಣಿನಷ್ಟೇ ಹಂಚಬೇಕು. ನೂರ ಹನ್ನೆರಡಕ್ಕೆ ನೂರ ಹತ್ತು ಎಂದರೆ ಐವತ್ತಾರಕ್ಕೆ ಐವತ್ತೈದು. ಐವತ್ತಾರು ಗಳಿಗೆ ಕಲ್ಲುಮರಡಿಗೆ, ಐವತ್ತೈದು ಗಳಿಗೆ ಹೊಂಗೇನಾಳಕ್ಕೆ, ಸರದಿಯಂತೆ, ಕೆರೆಯಲ್ಲಿ ನೀರಿರುವವರೆಗೆ. ಕಾಟಯ್ಯನಿಗೆ ಕೊಟ್ಟ ಶಿಕ್ಷೆ, ಅವನು ಏರಿಸಿದ ಆ ಒಂದು ಮೊಳ ಮಣ್ಣನ್ನು ಎಲ್ಲರ ಕಣ್ಣೆದುರಿಗೆ ಒಬ್ಬನೇ ಇಳಿಸಿ ಏರಿಗೆ ಹೊತ್ತು ಹಾಕುವುದು. ಹನ್ನೆರಡು ಬುಟ್ಟಿ ಆಯಿತಂತೆ. ಹನ್ನೊಂದು ಬುಟ್ಟಿಯನ್ನು ಅವನೊಬ್ಬನೇ ಹೊತ್ತ. ಹನ್ನೆರಡನೆಯದನ್ನು ಎತ್ತಲಾರದೆ ಬಗ್ಗಿ ನಿಂತಾಗ, ತಿಪ್ಪಕ್ಕ ಬಂದು ಬುಟ್ಟಿಯ ಇನ್ನೊಂದು ಅಂಚು ಹಿಡಿದು ಅವನ ತಲೆಯ ಮೇಲೆ ಎತ್ತಿಟ್ಟಳು. ನಾಯಕ ನೋಡಿಯೂ ನೋಡದವನಂತೆ ಕುದುರೆಯ ಜೀನು ಬಿಗಿಯುತ್ತಿದ್ದ. ಆ ವಾಡೆ ಮಣ್ಣನ್ನು ಮತ್ತೆ ಕಲಸಲು ಅವಳಿಗೆ ಎಂಟು ದಿನ ಬೇಕಾಯಿತು, ಆ ಎಂಟು ದಿನವೂ ಗಂಡನ ಹತ್ತಿರ ಮಾತು ಬಿಟ್ಟಿದ್ದಳು ಎಂದು ಹೊಂಗೇನಾಳದ ಹೆಂಗಸರು ಹೇಳುತ್ತಾರೆ. ಒಂಬತ್ತನೆಯ ದಿನ ಮೃಗಶಿರ ಮಳೆ ಬಂತು. ಇಬ್ಬರೂ ಒಂದೇ ಕಂಬಳಿ ಗೊಪ್ಪೆಯಡಿಯಲ್ಲಿ ಏರಿಯ ಮೇಲೆ ನಿಂತು, ಚೌಕದ ಗುಂಡಿಯೂ ದುಂಡನೆಯ ಗುಂಡಿಯೂ ತುಂಬಿ ನಡುವಿನ ನೆಲ ಮುಳುಗಿ ಒಂದಾಗುವುದನ್ನು ನೋಡಿದರಂತೆ. ಅಂದಿನಿಂದ ಕೆರೆಯ ಹೆಸರು ಇಬ್ಬೊಗಸೆ ಕೆರೆ.

ಈಗ ಬರುವವರಿಗೆ ಬಿದಿರ ಪಟ್ಟಿ ಕಾಣುವುದಿಲ್ಲ, ಕಣವೂ ಇಲ್ಲ. ಕಡು ಬೇಸಿಗೆಯಲ್ಲಿ ನೀರು ಇಳಿದಾಗ ಹೂಳಿನ ಕೆಳಗೆ ಒಂದು ಕಡೆ ನೇರ ಅಂಚು, ಇನ್ನೊಂದು ಕಡೆ ಬಾಗಿದ ಅಂಚು ಮಸುಕಾಗಿ ತೋರುತ್ತದೆ. ಆದರೆ ನೋಡಬೇಕಾದದ್ದು ಅದಲ್ಲ. ತೂಬು ಹರಿಯುವ ಕಾಲದಲ್ಲಿ ಬನ್ನಿ, ಸರದಿ ಬದಲಾಗುವ ಹೊತ್ತಿಗೆ ಬನ್ನಿ. ಒಂದು ಗಳಿಗೆಯೆಂದರೆ ಇಪ್ಪತ್ತನಾಲ್ಕು ನಿಮಿಷ. ಹೊಂಗೇನಾಳದ ಸರದಿ ಸರಿಯಾಗಿ ಇಪ್ಪತ್ತೆರಡು ಗಂಟೆ, ಕಲ್ಲುಮರಡಿಯದು ಅದರ ಮೇಲೆ ಇಪ್ಪತ್ತನಾಲ್ಕು ನಿಮಿಷ. ಮಲಿಯಪ್ಪನವರ ಕಾಲದಲ್ಲಿ ತೂತಿನ ಬಟ್ಟಲನ್ನು ನೀರಲ್ಲಿ ತೇಲಿಬಿಟ್ಟು ಗಳಿಗೆ ಎಣಿಸುತ್ತಿದ್ದರು, ಈಗಿನ ನೀರುಗಂಟಿ ಮೊಬೈಲಿನಲ್ಲಿ ನೋಡುತ್ತಾನೆ. ಕಲ್ಲುಮರಡಿಯ ಸರದಿಯ ಇಪ್ಪತ್ತೆರಡು ಗಂಟೆ ಮುಗಿದಾಗ ಹೊಂಗೇನಾಳದವರು ಸಲಿಕೆ ಹಿಡಿದು ಕಾಲುವೆಯ ಬಾಯಿಗೆ ಬಂದಿರುತ್ತಾರೆ. ಕಟ್ಟೆ ಒಡೆದು ನೀರು ತಿರುಗಿಸಿಕೊಳ್ಳುವುದು ಒಂದು ಕ್ಷಣದ ಕೆಲಸ, ತಡೆಯುವವರು ಅಲ್ಲಿ ಯಾರೂ ಇರುವುದಿಲ್ಲ. ಅವರು ಸಲಿಕೆ ಪಕ್ಕಕ್ಕಿಟ್ಟು ಏರಿಯ ಕಲ್ಲಿನ ಮೇಲೆ ಸಾಲಾಗಿ ಕೂರುತ್ತಾರೆ. ನೀರು ಎಡಗಡೆಗೆ ಹರಿಯುವುದನ್ನು ನೋಡುತ್ತ, ಬೆಳೆಯ ಮಾತು, ಮದುವೆಯ ಮಾತು ಆಡುತ್ತ, ಆ ಇಪ್ಪತ್ತನಾಲ್ಕು ನಿಮಿಷ ಮುಗಿಯುವವರೆಗೆ ಕಾಯುತ್ತಾರೆ.